ಕೊಶಾವಾ ನಿಂತ ಎರಡು ನಿಮಿಷ

ಬೆಲಿ ಬ್ರೆಗ್
ಶನಿವಾರ, 20 ಅಕ್ಟೋಬರ್ 2018

ನನ್ನ ರಾದ್ಮಿಲಾ ಅಕ್ಕಾ,

ಮೊದಲು ನಿನ್ನ ಸೊಂಟದ ಸಮಾಚಾರ ಹೇಳು. ಎರಡು ಊರುಗೋಲಿನಿಂದ ಒಂದಕ್ಕೆ ಇಳಿಸಿದ್ದಾರೆ, ಬಿಸಿನೀರಿನ ಕೊಳದಲ್ಲಿ ದಿನಕ್ಕೆ ಎರಡು ಸಲ ನಡೆಸುತ್ತಾರೆ ಎಂದು ತಿಯಾನಾ ಹೇಳಿದಳು. ಉಪ್ಪಿಲ್ಲದ ಸೂಪನ್ನು ಅಡುಗೆಮನೆಗೆ ವಾಪಸ್ಸು ಕಳಿಸಿದ್ದೂ ತಿಳಿಯಿತು. ಒಳ್ಳೆಯ ಕೆಲಸ ಮಾಡಿದೆ. ಸರ್ಕಾರಿ ಆರೋಗ್ಯಧಾಮದ ಸೂಪಿಗೆ ಉಪ್ಪು ಹಾಕಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬೇಕಾದರೆ ಅವರಿಗೊಂದು ಅರ್ಜಿ ಬರೆದುಕೊಡುತ್ತೇನೆ, ಕೇಳು. ರಾತ್ರಿ ನಿದ್ರೆ ಬರುತ್ತದೆಯೇ? ಆಪರೇಷನ್ ಆದ ಕಡೆಗೆ ಮಗ್ಗುಲಾಗಿ ಮಲಗಬೇಡ. ಈ ಕಾಗದದ ಜೊತೆ ಒಂದು ಶೀಶೆ ಅಯ್ವಾರ್ ಇದೆ. ಪಿಶ್ತಾನ ಹೆಂಡತಿ ಈ ವರ್ಷ ಕೆಂಪು ಮೆಣಸನ್ನು ಸೌದೆ ಒಲೆಯಲ್ಲೇ ಸುಟ್ಟು ಮಾಡಿದ್ದು. ಉಣ್ಣೆಯ ಕಾಲುಚೀಲವೂ ಇದೆ. ಬೆಳಗಿನ ಬಸ್ಸಿನ ಡ್ರೈವರ್ ಮಿಲೆನ್ಕೊ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನಿಗೆ ನರ್ಸಿನ ಮುಂದೆ ಬೈಯಬೇಡ, ಅವನು ನನ್ನ ಹಳೆಯ ವಿದ್ಯಾರ್ಥಿ, ಭೂಗೋಳದಲ್ಲಿ ಎರಡು ಸಲ ಫೇಲಾಗಿದ್ದರೂ ದಾರಿ ಮಾತ್ರ ತಪ್ಪುವುದಿಲ್ಲ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನನಗೆ ಮೂರನೆಯ ವಾಕ್ಯ ಮುಗಿಸಲು ಬಿಟ್ಟ ದಾಖಲೆ ನನ್ನ ಅರವತ್ತಾರು ವರ್ಷದಲ್ಲಿ ಒಂದೂ ಇಲ್ಲ. ಈ ವಿಷಯಕ್ಕೆ ಮೂರಕ್ಕಿಂತ ಹೆಚ್ಚು ವಾಕ್ಯ ಬೇಕು. ತಿಯಾನಾ ನಿನಗೆ "ಪಂದ್ಯ ಚೆನ್ನಾಗಾಯ್ತು ಅಜ್ಜಿ, ಫಲಿತಾಂಶ ಇನ್ನೂ ಬರಬೇಕು" ಎಂದಷ್ಟೇ ಹೇಳಿದ್ದಾಳೆ ಅಲ್ಲವೇ? ಫಲಿತಾಂಶ ಬಂದಿತ್ತು, ಅಕ್ಕಾ. ಹಲಗೆಯ ಮೇಲೆ ಬರೆದಾಗಿತ್ತು. ಬರೆದದ್ದನ್ನು ಅಳಿಸಿದ್ದಾರೆ.

ಕಳೆದ ಭಾನುವಾರ ನಮ್ಮದೇ ಶೂಟಿಂಗ್ ರೇಂಜಿನಲ್ಲಿ ಜೂನಿಯರ್ ರೈಫಲ್ ಆಯ್ಕೆ ಪಂದ್ಯ. ಮಲಗಿ ಹೊಡೆಯುವುದು, ಐವತ್ತು ಮೀಟರ್, ಅರವತ್ತು ಗುಂಡು, ಐವತ್ತು ನಿಮಿಷ. ಮೊದಲು ಬಂದವರಿಗೆ ಡಿಸೆಂಬರಿನಲ್ಲಿ ರಾಷ್ಟ್ರೀಯ ತಂಡದ ಶಿಬಿರ. ಮಾರ್ಚಿಗೆ ನಿನ್ನ ಮೊಮ್ಮಗಳಿಗೆ ಇಪ್ಪತ್ತೊಂದು ತುಂಬುತ್ತದೆ. ಜೂನಿಯರ್ ಆಗಿ ಅವಳಿಗೆ ಇದ್ದದ್ದು ಇದೊಂದೇ ಅವಕಾಶ, ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಶುಕ್ರವಾರದಿಂದಲೇ ಕೊಶಾವಾ ಗಾಳಿ ಬೀಸಲು ಶುರುವಾಗಿತ್ತು. ಭಾನುವಾರದ ಹೊತ್ತಿಗೆ ಚರ್ಚಿನ ತಗಡು ಕಿತ್ತುಕೊಂಡು ಹೋಗುವ ಹಾಗೆ ಬೀಸುತ್ತಿತ್ತು. ಪಟ್ಟಣದಿಂದ ಬಂದ ಹುಡುಗರು ಚಾಪೆ ಹಾಸುವಾಗಲೇ ಮುಖ ಸಿಂಡರಿಸಿದ್ದರು. ತೀರ್ಪುಗಾರರಲ್ಲೊಬ್ಬರು ಮುಂದೂಡೋಣ ಎಂದರು. ನಮ್ಮ ರೇಂಜಿನ ಉಸ್ತುವಾರಿ ಪಿಶ್ತಾ ಅವರಿಗೆ ಕಾಫಿ ಕೊಡುತ್ತ, "ಮುಂದೂಡಿ ಸ್ವಾಮಿ, ಆದ್ರೆ ಗಾಳಿ ನಿಮ್ಮ ನೋಟೀಸು ಓದಲ್ಲ. ಹಿಡಿದ್ರೆ ಮೂರು ದಿನ, ಇಲ್ಲ ಏಳು ದಿನ, ಇಲ್ಲ ಮೂರು ವಾರ. ಹಾಸಿಗೆ ತಂದಿದೀರಾ?" ಎಂದ. ಪಂದ್ಯ ನಡೆಯಿತು.

ತಿಯಾನಾ ಹೊಡೆದದ್ದು ಆರುನೂರಕ್ಕೆ ಐನೂರ ಎಂಬತ್ತೊಂಬತ್ತು. ಎರಡನೆಯ ಹುಡುಗನದು ಐನೂರ ಎಪ್ಪತ್ತೊಂದು. ಆ ಹುಡುಗನ ಕ್ಲಬ್ಬಿನ ಅಧ್ಯಕ್ಷ ಓಬ್ರಾದ್, ಆ ನಿವೃತ್ತ ಸುಂಕದ ಅಧಿಕಾರಿ, ನಿನಗೆ ನೆನಪಿರಬಹುದು, ಎಲ್ಲರ ಪೆಟ್ಟಿಗೆಯನ್ನೂ ಅನುಮಾನದಿಂದ ನೋಡುವ ಕಣ್ಣು. ಅಂಕ ಹಲಗೆಗೆ ಬಂದ ಹತ್ತು ನಿಮಿಷದಲ್ಲಿ ಅವರು ಲಿಖಿತ ದೂರು ಕೊಟ್ಟರು. ದೂರಿನ ಸಾರಾಂಶ ಹೀಗೆ: ಹನ್ನೊಂದು ಇಪ್ಪತ್ತರಿಂದ ಹನ್ನೊಂದು ಇಪ್ಪತ್ತೆರಡರವರೆಗೆ, ರೇಂಜಿನ ಎಡಬದಿಯ ಬೇಲಿಯಾಚೆ ದ್ರಾಕ್ಷಿ ತೋಟದ ದಿಬ್ಬದ ಮೇಲೆ ನಿಂತಿದ್ದ ನಿವೃತ್ತ ಶಿಕ್ಷಕ ತಿಹೊಮಿರ್ ತನ್ನ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು, ಆ ಕೂಡಲೇ ಮೂರನೆಯ ಲೇನಿನಲ್ಲಿದ್ದ ಅವರ ಅಕ್ಕನ ಮೊಮ್ಮಗಳು ತಲೆಯೆತ್ತಿ ನೋಡಿ ತನ್ನ ರೈಫಲ್ಲಿನ ಗುರಿ ಹೊಂದಿಸುವ ಸೈಟಿನ ತಿರುಪು ತಿರುಗಿಸಿದಳು, ಆದ್ದರಿಂದ ಗಾಳಿಯ ಸೂಚನೆ ಹೊರಗಿನಿಂದ ಬಂದಿದೆ. ವೈಯಕ್ತಿಕ ಪಂದ್ಯದಲ್ಲಿ ಹೊರಗಿನವರು ಸೂಚನೆ ಕೊಟ್ಟರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಾಗಿಲ್ಲ. ಅಂಕ ರದ್ದು, ಒಂದು ವರ್ಷ ನಿಷೇಧ. ಬರುವ ಗುರುವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ.

ಟೋಪಿ! ಕೊಶಾವಾದಲ್ಲಿ ಒಬ್ಬ ಮನುಷ್ಯ ತನ್ನ ಟೋಪಿ ತೆಗೆಯಲಿಕ್ಕೂ ಓಬ್ರಾದರ ಅಪ್ಪಣೆ ಬೇಕೇನು? ಬೆವರು ಒರೆಸಿಕೊಂಡೆ ಎಂದು ಅಲ್ಲೇ ಹೇಳಿದೆ. ಅದಕ್ಕವರು, "ಮೇಷ್ಟ್ರೇ, ನಾವೆಲ್ಲ ಕೋಟು ಗುಂಡಿ ಹಾಕ್ಕೊಂಡು ನಡುಗ್ತಾ ಇದ್ವಿ, ನಿಮಗೊಬ್ರಿಗೆ ಬೆವರು ಬಂತಾ?" ಎಂದರು. ಹಿಂದೆ ನಿಂತವರು ನಕ್ಕರು. ನಾನು, "ದಿಬ್ಬ ಹತ್ತಿದವನಿಗೆ ಬೆವರು ಬರುತ್ತೆ, ಕುರ್ಚಿ ಮೇಲೆ ಕೂತವರಿಗೆ ಬರಲ್ಲ" ಎಂದೆ. ಆಗ ನಕ್ಕವರು ಇನ್ನೂ ಜಾಸ್ತಿ. ಆದರೆ ನಗು ಎಣಿಸಿ ತೀರ್ಪು ಬರೆಯುವುದಿಲ್ಲವಲ್ಲ.

ವಿಚಾರಣೆ ನಡೆಸುವ ಶೂಟಿಂಗ್ ಸಮಿತಿಗೆ ಏಳು ಪುಟದ ಪ್ರತಿಭಟನೆ ಬರೆದಿದ್ದೇನೆ. ಅದರಲ್ಲಿ ಗಾಳಿಯ ಭಾಗ ನಿನಗೆ ಇಷ್ಟವಾಗಬಹುದು, ಇಲ್ಲಿ ಇಳಿಸುತ್ತೇನೆ. "ಮಾನ್ಯರೇ, ಐವತ್ತು ಮೀಟರಿನಲ್ಲಿ ಹತ್ತಂಕದ ವೃತ್ತ ಅಂಗಿಯ ಗುಂಡಿಯಷ್ಟು. ಜೋರಾದ ಕೊಶಾವಾ ಗುಂಡನ್ನು ಹೆಬ್ಬೆರಳಿನಗಲ ಎಡಕ್ಕೆ ತಳ್ಳುತ್ತದೆ, ಕೂದಲೆಳೆಯಷ್ಟು ಮೇಲಕ್ಕೂ ಎತ್ತುತ್ತದೆ. ಹೊರಗಿನಿಂದ ಬಂದ ಶೂಟರುಗಳು ಗಾಳಿ ಬಿಡುವು ಕೊಟ್ಟಾಗ ಸೈಟು ಹೊಂದಿಸಿಕೊಂಡು, ಅಂಥದೇ ಬಿಡುವಿಗೆ ಕಾಯುತ್ತಾರೆ. ಬೇರೆ ಊರಿನಲ್ಲಿ ಅದು ಜಾಣತನ, ಇಲ್ಲಿ ಆತ್ಮಹತ್ಯೆ. ಕೊಶಾವಾದ ಬಿಡುವು ಅಪರೂಪಕ್ಕೆ ಬರುತ್ತದೆ, ಬಂದರೂ ಗಾಳಿ ತೋರಿಸುವ ಬಾವುಟಗಳು ಒಂದೊಂದು ದಿಕ್ಕು ಹೇಳುತ್ತವೆ. ಕಾಯುತ್ತಾ ಕೂತವರ ಸಮಯ ಮುಗಿದು ಕೊನೆಯ ಹದಿನೈದು ಗುಂಡು ಗಾಬರಿಯಲ್ಲಿ ಹೋಗುತ್ತವೆ. ಬೆಲಿ ಬ್ರೆಗ್‌ನ ರೀತಿ ತದ್ವಿರುದ್ಧ. ನಾವು ಪೂರ್ತಿ ಬೀಸುವ ಗಾಳಿಗೇ ಸೈಟು ಹೊಂದಿಸುತ್ತೇವೆ, ಅದರಲ್ಲೇ ಹೊಡೆಯುತ್ತೇವೆ. ಗಾಳಿ ನಿಂತರೆ ಕೆನ್ನೆಯನ್ನು ರೈಫಲ್ಲಿನಿಂದ ಎತ್ತಿ, ಅದು ಮತ್ತೆ ಬೀಸುವ ತನಕ ಸುಮ್ಮನಿರುತ್ತೇವೆ. ಇದು ಗುಟ್ಟಲ್ಲ, ಐವತ್ತು ವರ್ಷದಿಂದ ಈ ಊರಿನ ಮಕ್ಕಳಿಗೆ ಕಲಿಸಿದ್ದು. ಸದರಿ ಹುಡುಗಿ ಗೆದ್ದದ್ದು ಈ ಊರಿನವಳಾದ್ದರಿಂದ, ನನ್ನ ಟೋಪಿಯಿಂದಲ್ಲ."

ಇದೇ ಸಮಿತಿಯಲ್ಲವೇ ಎಂಬತ್ತಮೂರರಲ್ಲಿ ಗಾಳಿ ತಡೆಯುತ್ತೇವೆಂದು ಬಲಬದಿಗೆ ನಲವತ್ತು ಪೋಪ್ಲರ್ ಗಿಡ ನೆಟ್ಟದ್ದು? ಗಿಡದ ಹಿಂದೆ ಗಾಳಿ ಸುಳಿ ಹೊಡೆಯುತ್ತದೆ, ಮೊದಲಿನದೇ ವಾಸಿ ಎಂದು ನಾನು ಹದಿನಾಲ್ಕು ಕಾಗದ ಬರೆದೆ. ಹದಿನಾಲ್ಕಕ್ಕೂ ಸ್ವೀಕೃತಿ ಚೀಟಿ ನನ್ನ ಬಳಿ ಇದೆ. ಎಂಟು ವರ್ಷ, ಮೊದಲನೆಯ ಲೇನಿನಲ್ಲಿ ಮಲಗಿದವನ ಬಾವುಟ ಎಡಕ್ಕೆ, ಐದನೆಯವನದು ಬಲಕ್ಕೆ. ಕೊನೆಗೆ ತೊಂಬತ್ತೊಂದರಲ್ಲಿ ಕಡಿದರು, ಅದೂ ಸೌದೆಗೆಂದು. ಆಮೇಲೆ ದೇಶದ ಮೇಲೆ ಆರ್ಥಿಕ ನಿರ್ಬಂಧ ಬಿದ್ದ ವರ್ಷಗಳಲ್ಲಿ ಗುಂಡೇ ಸಿಗದೆ ಮಕ್ಕಳು ಚಳಿಗಾಲವೆಲ್ಲ ಬರಿ ಟ್ರಿಗರ್ ಎಳೆಯುತ್ತ ಅಭ್ಯಾಸ ಮಾಡಿದರು. ಖಾಲಿ ರೈಫಲ್ಲು ಹಿಡಿದು ಮಲಗಿದ ಆ ಮಕ್ಕಳಿಗೆ ಬಾವುಟ ಓದುವುದನ್ನು ನೀನು ಕಲಿಸಿದೆ; "ಗುಂಡಿಲ್ಲ ಅಂದ್ರೇನಾಯ್ತು, ಗಾಳಿ ಪುಕ್ಕಟೆ ಇದೆಯಲ್ಲ" ಎನ್ನುತ್ತಿದ್ದೆ. ಆಗ ಈ ಮಹಾನುಭಾವರು ಒಬ್ಬರೂ ಇತ್ತ ತಲೆ ಹಾಕಲಿಲ್ಲ. ಈಗ ಒಬ್ಬಳು ಹುಡುಗಿ ಅವರ ಲೆಕ್ಕಕ್ಕೆ ಸಿಗದಷ್ಟು ಚೆನ್ನಾಗಿ ಹೊಡೆದಳೆಂದು ನಿಯಮ ಪುಸ್ತಕ ಹಿಡಿದು ಬಂದಿದ್ದಾರೆ.

ಬುಧವಾರ ಕಾಫಿ ಅಂಗಡಿಯಲ್ಲಿ ಓಬ್ರಾದರೇ ಸಿಕ್ಕರು. ವಕೀಲರನ್ನು ನೋಡಲು ಬಂದಿದ್ದರಂತೆ. ಸ್ಲೀವೊವಿಟ್ಸಾ ಬ್ರಾಂದಿಯ ಲೋಟ ಎತ್ತಿ, "ಏನ್ ಮೇಷ್ಟ್ರೇ, ಗಾಳಿಗೂ ಪಾಠ ಮಾಡ್ತಿದೀರಂತೆ? ಹಾಜರಿ ಹಾಕುತ್ತಾ?" ಎಂದರು. ನಾನು, "ಹಾಕುತ್ತೆ. ನಿಮ್ಮ ಹುಡುಗನೇ ಗೈರುಹಾಜರು" ಎಂದೆ. ಅವರು ಲೋಟ ಕೆಳಗಿಟ್ಟು, ನಗದೆ ಹೇಳಿದರು, "ನೋಡಿ, ನನಗೆ ಆ ಮಗು ಮೇಲೆ ಕೋಪ ಇಲ್ಲ. ಆದ್ರೆ ಆ ಎರಡು ನಿಮಿಷ ನಾನು ಕಣ್ಣಾರೆ ನೋಡಿದೀನಿ. ಟೋಪಿ ಕೆಳಗೆ, ತಿರುಪು ಎಡಕ್ಕೆ. ಟೋಪಿ ಮೇಲೆ, ತಿರುಪು ಬಲಕ್ಕೆ. ನನ್ನ ಜಾಗದಲ್ಲಿ ನೀವಿದ್ರೆ ಏನಂತಿದ್ರಿ?" ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತು ಎಪ್ಪತ್ತಾರನೆಯ ಇಸವಿಯ ಕತೆ ಹೇಳಿದೆ. ಇದೇ ರೇಂಜಿನಲ್ಲಿ, ಇದೇ ಗಾಳಿಯಲ್ಲಿ ನನ್ನ ಅಕ್ಕ ಪ್ರಾಂತ್ಯದ ಚಾಂಪಿಯನ್ ಆದಾಗ ನಿಮ್ಮ ಪಟ್ಟಣದವರು ಬಾಯಿ ಬಿಟ್ಟು ನೋಡುತ್ತಿದ್ದರು, ಕ್ಲಬ್ಬಿನ ಗೋಡೆಯ ಮೇಲೆ ಹಿತ್ತಾಳೆಯಲ್ಲಿ ಹೆಸರಿದೆ, ಹೋಗಿ ಓದಿ, ನಮ್ಮ ಮನೆಯವರಿಗೆ ಯಾರ ಹಂಗೂ ಬೇಕಾಗಿಲ್ಲ ಎಂದೆ. ಮೇಜು ಕುಟ್ಟಿದೆ ಕೂಡ. ಪಿಶ್ತಾ ಚಪ್ಪಾಳೆ ಹೊಡೆದ.

ತಿಯಾನಾಳ ವಿಷಯ. ಊಟ ಮಾಡುತ್ತಾಳೆ, ಸ್ವಲ್ಪ. ರೈಫಲ್ಲನ್ನು ಒರೆಸಿ ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದಾಳೆ, ಭಾನುವಾರದಿಂದ ರೇಂಜಿಗೆ ಹೋಗಿಲ್ಲ. ನಿಮ್ಮ ಮನೆದೇವರು ಸಂತ ಲೂಕನ ಹಬ್ಬಕ್ಕೆ ರೊಟ್ಟಿ ಈ ಸಲ ತಾನೇ ಮಾಡುತ್ತೇನೆಂದು ನಿನ್ನ ಅಡುಗೆಮನೆಯಲ್ಲಿ ಮೂರು ದಿನದಿಂದ ಹಿಟ್ಟು ಹಾಳುಮಾಡುತ್ತಿದ್ದಾಳೆ. ಮೊದಲನೆಯ ರೊಟ್ಟಿಯನ್ನು ಪಿಶ್ತಾನ ನಾಯಿಯೂ ಮೂಸಿ ಬಿಟ್ಟಿತು. ಭಾನುವಾರ ತೀರ್ಪುಗಾರರು ಅವಳನ್ನು ಕೂರಿಸಿ ಅರ್ಧ ಗಂಟೆ ಕೇಳಿದರಂತೆ, "ನಿಮ್ಮಜ್ಜನ್ನ ನೋಡಿದೆಯಾ ಇಲ್ವಾ?" ಎಂದು. ಅವಳು ಪ್ರತಿ ಸಲವೂ, "ನಾನು ಬಾವುಟ ನೋಡ್ತಿದ್ದೆ" ಎಂದಳಂತೆ. ಹೌದೂ ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅದನ್ನೇ ಅವರು ತಪ್ಪೊಪ್ಪಿಗೆ ಎಂದು ಬರೆದುಕೊಂಡಿದ್ದಾರೆ. ನಾನಾಗಿದ್ದರೆ ಮೇಜು ಉರುಳಿಸುತ್ತಿದ್ದೆ. ಅವಳು ನಿನ್ನ ಹಾಗೆ, ಮಾತು ಬೇಕಾದ ಹೊತ್ತಿಗೇ ಬಾಯಿ ಬಿಗಿದು ಕೂರುವ ಜಾತಿ.

ಗುರುವಾರ ನಾನು ಕರಿ ಸೂಟು ಹಾಕಿಕೊಂಡು ಹೋಗುತ್ತೇನೆ. ಏಳು ಪುಟವನ್ನೂ ನಿಂತು ಓದುತ್ತೇನೆ, ಅವರು ಕೂತು ಕೇಳಲಿ. ನೀನು ಚಿಂತೆ ಮಾಡದೆ ಕಾಲಿನ ಕಡೆ ಗಮನ ಕೊಡು. ಮೂವತ್ತೊಂದನೆಯ ತಾರೀಖು ಹಬ್ಬದ ದೀಪ ಹಚ್ಚುವುದಕ್ಕೆ ನೀನು ಮನೆಯಲ್ಲಿರಬೇಕು, ಡಾಕ್ಟರಿಗೆ ಈಗಲೇ ಹೇಳಿಡು. ಪಿಶ್ತಾನೂ ಅವನ ಹೆಂಡತಿಯೂ ನಮಸ್ಕಾರ ಹೇಳಿದ್ದಾರೆ. ಮೂರು ಸಲ ಕೆನ್ನೆಗೆ ಮುತ್ತಿಡುತ್ತ, ದೇವರು ನಿನ್ನ ಎರಡೂ ಕಾಲಿಗೆ ಬಲ ಕೊಡಲೆಂದು ಬೇಡುವ,

ನಿನ್ನ ತಮ್ಮ,
ತಿಹೊಮಿರ್

ಮರೆತಿದ್ದು: ಮರೆತಿಲ್ಲ ಅಕ್ಕಾ, ಬರೆಯಲು ಧೈರ್ಯ ಬರಲಿಲ್ಲ. ಲಕೋಟೆ ಅಂಟಿಸಿದವನು ಮತ್ತೆ ಹರಿದೆ. ನನಗೆ ಬೆವರು ಬಂದಿರಲಿಲ್ಲ. ಹನ್ನೊಂದು ಇಪ್ಪತ್ತಕ್ಕೆ ಕೊಶಾವಾ ಸಟ್ಟನೆ ನಿಂತಿತು, ಅವಳ ಕೆನ್ನೆ ಇನ್ನೂ ರೈಫಲ್ಲಿಗೆ ಅಂಟಿಕೊಂಡೇ ಇತ್ತು. ಪೂರ್ತಿ ಗಾಳಿಯ ಸೈಟಿನಲ್ಲಿ ಈ ಬಿಡುವಿನಲ್ಲಿ ಹೊಡೆದುಬಿಡುತ್ತಾಳೆ, ಎಲ್ಲ ಏಳಂಕಕ್ಕೆ ಹೋಗುತ್ತದೆ ಎಂದು ಹೆದರಿದೆ. ಕೈ ತಾನಾಗಿ ಟೋಪಿಗೆ ಹೋಯಿತು. ಅದರರ್ಥ ನಿನಗೆ ಗೊತ್ತು. ಕಾಯು, ಹೊಡೆಯಬೇಡ.

ನಿನ್ನೆ ಹಿಟ್ಟು ನಾದುತ್ತಿದ್ದವಳು ಬೆನ್ನು ತಿರುಗಿಸಿಕೊಂಡೇ ಹೇಳಿದಳು, "ತಿಹೋ ಅಜ್ಜಾ, ಟೋಪಿ ನೋಡಿದೆ ನಾನು. ಅಜ್ಜಿ ಒಂದ್ಸಲ ಆ ಟೋಪಿ ಕತೆ ಹೇಳಿದ್ಲು. ಆದ್ರೆ ಇಪ್ಪತ್ತು ಗುಂಡು ಬಾಕಿ ಇತ್ತು, ಕಾದ್ರೆ ಟೈಮು ಸಾಕಾಗ್ತಿರಲಿಲ್ಲ. ಹತ್ತಿರದ ಬಾವುಟಾನೂ ದೂರದ್ದೂ ಒಂದೇ ಥರ ಇಳೀತು, ಸುಳಿ ಇರಲಿಲ್ಲ. ತಿರುಪು ಎಂಟು ಕ್ಲಿಕ್ ಹಿಂದಕ್ಕೆ, ಐದು ಗುಂಡು, ಎಂಟು ಕ್ಲಿಕ್ ಮುಂದಕ್ಕೆ. ನನಗೆ ಎಣಿಸೋಕೆ ಬರಲ್ವಾ?" ಹಾಗಾದರೆ ತೀರ್ಪುಗಾರರ ಮುಂದೆ ಯಾಕೆ ಸುಮ್ಮನಿದ್ದೆ ಎಂದೆ. "ನೋಡಿದೆ ಅಂದ್ರೆ ನಿಮ್ಮನ್ನ ರೇಂಜಿಂದ ಓಡಿಸ್ತಾರೆ. ನೋಡಿಲ್ಲ ಅಂದ್ರೆ ಸುಳ್ಳು" ಎಂದಳು.

ಅಂಕ ಎಣಿಸುವ ಯಂತ್ರದ ಚೀಟಿ ತೆಗೆಸಿ ನೋಡಿದೆ. ಪ್ರತಿ ಗುಂಡಿಗೂ ಸಮಯ ನಮೂದಾಗಿದೆ. ಓಬ್ರಾದ್ ಬರೆದುಕೊಟ್ಟ ಅದೇ ಎರಡು ನಿಮಿಷದಲ್ಲಿ ಐದು ಗುಂಡು, ಐದೂ ಹತ್ತು. ಹೊಡೆಯಬೇಡ ಎಂಬ ಸೂಚನೆ ಕೈಯಲ್ಲಿ ಹಿಡಿದು ನಾನು ನಿಂತಿದ್ದಾಗ ಹೊಡೆದದ್ದು. ಟೋಪಿಯ ಅರ್ಥ ಗೊತ್ತಾದರೆ ಅವರ ದೂರೇ ಅವಳನ್ನು ಬಿಡಿಸುತ್ತದೆ. ಆ ಏಳು ಪುಟವನ್ನು ಈಗಷ್ಟೇ ಹರಿದು ಒಲೆಗೆ ಹಾಕಿದ್ದೇನೆ. ಗುರುವಾರ ಇದೊಂದನ್ನೇ ಹೇಳುತ್ತೇನೆ: ಸೂಚನೆ ಕೊಟ್ಟೆ, ಆಮೇಲೆ ಸುಳ್ಳು ಹೇಳಿದೆ, ನನ್ನನ್ನು ಜೀವನಪೂರ್ತಿ ಬೇಲಿಯ ಹತ್ತಿರ ಬಿಡಬೇಡಿ, ಅಂಕ ಅವಳದು. ಆದರೆ ಭಾನುವಾರ ಬೆವರು ಎಂದವನು ಗುರುವಾರ ಬೇರೆ ಕತೆ ಹೇಳಿದರೆ ಯಾರು ನಂಬುತ್ತಾರೆ? ಆ ಅರ್ಥ ತಿಳಿದ ದೊಡ್ಡವಳು ನೀನೊಬ್ಬಳೇ. ಮಿಲೆನ್ಕೊ ಮಂಗಳವಾರ ಮಧ್ಯಾಹ್ನ ವಾಪಸ್ಸು ಬರುವಾಗ ಆರೋಗ್ಯಧಾಮದ ಗೇಟಿನ ಹತ್ತಿರ ಬಸ್ಸು ನಿಲ್ಲಿಸುತ್ತಾನೆ. ಟೋಪಿ ತೆಗೆದರೆ ಕಾಯಬೇಕು ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು ಎಂದು ನಿನ್ನ ಕೈಯಾರೆ ಬರೆದು, ಸಹಿ ಹಾಕಿ ಕೊಡು. ಯಾವ ಪಂದ್ಯಕ್ಕೆ ಮಾತಾಡಿಕೊಂಡೆವು ಎಂದು ಅವರು ಕೇಳಿಯೇ ಕೇಳುತ್ತಾರೆ. ನೀನು ಚಾಂಪಿಯನ್ ಆದ ದಿನ ನಾನು ಮೂರು ಸಲ ಟೋಪಿ ತೆಗೆದೆ, ಮೂರು ಸಲವೂ ನೀನು ಕಾದೆ, ಎರಡೇ ಅಂಕದಲ್ಲಿ ಗೆದ್ದೆ. ಗೋಡೆಯ ಹಿತ್ತಾಳೆ ಕೀಳುವುದಾದರೆ ಕೀಳಲಿ, ಸ್ಕ್ರೂಡ್ರೈವರು ನಾನೇ ಕೊಡುತ್ತೇನೆ. ಇಸವಿ ಬರೆಯುವುದನ್ನು ಮಾತ್ರ ಬಿಡಬೇಡ ಅಕ್ಕಾ.